ಮೂಕಿ ಚಿತ್ರದಲ್ಲಿ ಬಂಡವಾಳದ ಗುರುತು: ರಸಿಕರಿಗೊಂದು ಕೈಪಿಡಿ

ಮಾತಿನ ಧ್ವನಿಯಿಲ್ಲದೆ, ಅಭಿನಯದಿಂದಲೂ ನಡುನಡುವೆ ಮೂಡುವ ಬರಹದ ಫಲಕಗಳಿಂದಲೂ ಕಥೆ ಹೇಳುವ ಮೂಕಿ ಚಿತ್ರವನ್ನು ಸವಿಯಬಯಸುವವರು ಅದರ ಹಿಂದಿನ ವ್ಯವಹಾರವನ್ನೂ ಅರಿಯಬೇಕು. ಏಕೆಂದರೆ ಹಣ ಯಾರದು, ಯಂತ್ರ ಯಾರದು, ಪ್ರೇಕ್ಷಕರು ಎಲ್ಲಿಯವರು ಎಂಬುದೇ ಚಿತ್ರದ ರೂಪವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಬುದ್ಧನ ಜೀವನವನ್ನು ಆಧರಿಸಿದ ‘ಪ್ರೇಮ ಸನ್ಯಾಸ’ (1925) ಇದಕ್ಕೆ ತಕ್ಕ ಮೊದಲ ಪಾಠ.

ಈ ಚಿತ್ರಕ್ಕಾಗಿ ನಿರ್ಮಾಪಕ ಹಿಮಾಂಶು ರಾಯ್ ಮ್ಯೂನಿಕ್‌ನ ಎಮೆಲ್ಕಾ ಚಿತ್ರಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಬಂಡವಾಳ, ನಟವರ್ಗ ಮತ್ತು ಸ್ಥಳಗಳನ್ನು ಭಾರತದವರು ಒದಗಿಸಿದರೆ, ಕ್ಯಾಮೆರಾಗಳನ್ನೂ ನಿರ್ದೇಶಕ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಮೊದಲಾದ ತಂತ್ರಜ್ಞರನ್ನೂ ಎಮೆಲ್ಕಾ ಕಳುಹಿಸಿತು. ಪ್ರತಿಯಾಗಿ ಅದಕ್ಕೆ ಯೂರೋಪಿನ ಹಂಚಿಕೆ ಹಕ್ಕು, ಅಂದರೆ ಆ ಪ್ರದೇಶದ ಚಿತ್ರಮಂದಿರಗಳಿಗೆ ಪ್ರತಿಗಳನ್ನು ಒದಗಿಸಿ ಗಳಿಸುವ ಅಧಿಕಾರ, ದೊರೆಯಿತು.

ಈ ಒಪ್ಪಂದದ ಗುರುತುಗಳನ್ನು ತೆರೆಯ ಮೇಲೆ ಹುಡುಕುವುದೇ ರಸಿಕರ ಮೊದಲ ಅಭ್ಯಾಸ. ಚಿತ್ರ ಬುದ್ಧನಿಂದಲ್ಲ, ಭಾರತ ನೋಡಬಂದ ಯೂರೋಪಿನ ಪ್ರವಾಸಿಗಳಿಂದ ಆರಂಭವಾಗುತ್ತದೆ. ಬೋಧಗಯೆಯಲ್ಲಿ ಒಬ್ಬ ವೃದ್ಧ ಅವರಿಗೆ ಕಥೆ ಹೇಳುವ ಈ ಚೌಕಟ್ಟು ಹೊರದೇಶದ ಪ್ರೇಕ್ಷಕರನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ಮೆರವಣಿಗೆಯ ಆನೆಗಳೂ ಅರಮನೆಯ ವೈಭವವೂ ಜಯಪುರದ ಮಹಾರಾಜರ ನೆರವಿನಿಂದ ಬಂದವು. ಸ್ಟುಡಿಯೊ ಸೆಟ್ಟಿಲ್ಲದೆ, ಸಹಜ ಬೆಳಕಿನಲ್ಲೇ ಚಿತ್ರೀಕರಿಸಿದ್ದರಿಂದ ಕಲ್ಲಿನ ಮೇಲೆ ಬೀಳುವ ಬಿಸಿಲು ಮತ್ತು ನೆರಳು ದೃಶ್ಯಗಳಿಗೆ ಆಳವನ್ನು ಕೊಡುತ್ತವೆ. ಬರಹದ ಫಲಕಗಳನ್ನು ಬದಲಿಸಿದರೆ ಅದೇ ಚಿತ್ರ ಮತ್ತೊಂದು ಭಾಷೆಯ ನಾಡಿನಲ್ಲೂ ಓಡಬಲ್ಲದಾದ್ದರಿಂದ, ಮುಖ್ಯ ಭಾವಗಳನ್ನು ಮುಖ ಮತ್ತು ದೇಹದ ಚಲನೆಗಳೇ ಹೊರುವುದನ್ನು ಗಮನಿಸಬೇಕು.

ಎರಡನೆಯ ಹೆಜ್ಜೆಯಲ್ಲಿ, ಬರ್ಲಿನ್ನಿನ ಬೃಹತ್ ಚಿತ್ರಸಂಸ್ಥೆ ಉಫಾ ಪಾಲುಗೊಂಡ, ರಾಯ್ ಅವರದೇ ‘ಪ್ರಪಂಚ ಪಾಶ’ವನ್ನು (1929) ಇದರೊಡನೆ ಹೋಲಿಸಿದರೆ, ಜನಸಂದಣಿ, ಕುದುರೆ, ಆನೆಗಳ ದೃಶ್ಯಗಳು ಎಷ್ಟು ಹಿಗ್ಗಿವೆಯೆಂಬುದು ಕಾಣುತ್ತದೆ. ಜರ್ಮನಿಯ ಸಂಪರ್ಕ ಕನ್ನಡಿಗರನ್ನೂ ಮುಟ್ಟಿತು: ಅಲ್ಲಿ ತರಬೇತಿ ಪಡೆದ ಮೋಹನ್ ಭವನಾನಿ ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿ ತೆಗೆದ ಮೂಕಿ ಚಿತ್ರದಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದರು.

ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ರಸಿಕರಿಗೆ ಈ ಚರಿತ್ರೆ ದೂರದ್ದಲ್ಲ. ದಾದರಿನಲ್ಲಿ ರೈಲು ಬದಲಿಸಿದರೆ ಸಿಗುವ ಮಾಲಾಡ್‌ನಲ್ಲಿಯೇ ಹಿಮಾಂಶು ರಾಯ್ ಮತ್ತು ನಟಿ ದೇವಿಕಾ ರಾಣಿ 1934ರಲ್ಲಿ ಬಾಂಬೆ ಟಾಕೀಸ್ ಸ್ಟುಡಿಯೊ ಸ್ಥಾಪಿಸಿ, ಓಸ್ಟನ್ ಮತ್ತು ವಿರ್ಶಿಂಗರನ್ನು ಅಲ್ಲಿಗೆ ಕರೆಸಿಕೊಂಡರು. ಅಲ್ಲಿ ವಿರ್ಶಿಂಗ್ ಚಿತ್ರೀಕರಿಸಿದ ಮಾತಿನ ಚಿತ್ರ ‘ಅಛೂತ್ ಕನ್ಯಾ’ವನ್ನು (1936) ಕೊನೆಯ ಪಾಠವಾಗಿ ನೋಡಿದವರಿಗೆ, ಜಯಪುರದ ಬಿಸಿಲನ್ನು ಸೆರೆಹಿಡಿದ ಕಣ್ಣು ಸ್ಟುಡಿಯೊದ ದೀಪಗಳಿಂದ ಮುಖಗಳನ್ನು ಹೇಗೆ ಕಡೆಯಿತೆಂಬುದೂ, ಬಂಡವಾಳ ನೆಲೆಯೂರಿದಾಗ ಕಲೆಯ ವಿಧಾನವೇ ಬದಲಾಗುತ್ತದೆಂಬುದೂ ಸ್ಪಷ್ಟವಾಗುತ್ತದೆ.