ಅಫಿಡವಿಟ್‌ನಲ್ಲಿ ಕಾಣದ ಕಾರ್ಮಿಕ

ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದವರ ಪ್ರಕರಣ ಬಿದ್ದುಹೋದಾಗ ವಕೀಲರ ವಾದ ಸಾಲಲಿಲ್ಲ ಎಂದೋ, ಆಡಳಿತ ವರ್ಗದ ಕೈ ಮೇಲಾಯಿತು ಎಂದೋ ಕಾರಣ ಹುಡುಕುವುದು ರೂಢಿ. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಕರ್ನಾಟಕದಿಂದ ಸುಪ್ರೀಂ ಕೋರ್ಟಿನವರೆಗೆ ಹೋದ ಕೆಲವು ಪ್ರಕರಣಗಳ ತೀರ್ಪು ಓದಿದರೆ ಬೇರೆಯದೇ ಸಂಗತಿ ಎದ್ದು ಕಾಣುತ್ತದೆ. ವಾದದ ದಿನ ಬರುವುದಕ್ಕೆ ಬಹಳ ಮೊದಲೇ, ಕಾರ್ಮಿಕನ ಮುಖ್ಯ ವಿಚಾರಣೆಯ ಅಫಿಡವಿಟ್ ಟೈಪಾಗುವ ಹೊತ್ತಿಗೇ ಪ್ರಕರಣದ ಹಣೆಬರಹ ಅರ್ಧ ಬರೆದಾಗಿರುತ್ತದೆ. ವಿಚಾರಣೆಗೆ ಸಿದ್ಧತೆ ಎಂದರೆ ನಮ್ಮಲ್ಲಿ ಫೈಲು ಸಿದ್ಧಮಾಡುವುದು ಎಂದಾಗಿದೆ. ಕಟಕಟೆ ಹತ್ತಬೇಕಾದ ಮನುಷ್ಯ ಆ ಸಿದ್ಧತೆಯ ಹೊರಗೇ ಉಳಿಯುತ್ತಾನೆ. ಈ ಪದ್ಧತಿ ತಪ್ಪು, ತಿದ್ದಬಹುದಾದ ತಪ್ಪು ಎಂಬುದು ನನ್ನ ವಾದ.

2002ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಬಂದ ಮೇಲೆ ಮುಖ್ಯ ವಿಚಾರಣೆಯನ್ನು ಬಾಯಿಮಾತಿನ ಬದಲು ಅಫಿಡವಿಟ್ ಮೂಲಕ ಸಲ್ಲಿಸುವುದು ನೆಲೆನಿಂತಿತು. ಕಾರ್ಮಿಕ ನ್ಯಾಯಾಲಯಗಳಲ್ಲೂ ಅದೇ ಬಳಕೆಗೆ ಬಂತು. ಸಮಯ ಉಳಿಯಿತು, ನಿಜ. ಜೊತೆಗೆ ಒಂದು ನಷ್ಟವೂ ಆಯಿತು. ಮೊದಲು ಕಾರ್ಮಿಕ ತನ್ನ ಕಥೆಯನ್ನು ತನ್ನ ಮಾತಿನಲ್ಲೇ ನ್ಯಾಯಾಧೀಶರ ಮುಂದೆ ಒಮ್ಮೆ ಹೇಳಬೇಕಿತ್ತು. ಹೇಳುತ್ತಾ ಹೇಳುತ್ತಾ ತಾರೀಖು, ಹೆಸರು, ಪಾಳಿ ಎಲ್ಲ ನೆನಪಿಗೆ ಬರುತ್ತಿದ್ದವು. ಈಗ ಅವನು ಕೋರ್ಟಿನಲ್ಲಿ ಬಾಯಿ ತೆರೆಯುವುದೇ ಪಾಟೀಸವಾಲಿಗೆ. ಅದಕ್ಕೆ ಮುಂಚಿನದೆಲ್ಲ ಹಳೆಯ ಕ್ಲೇಮ್ ಸ್ಟೇಟ್‌ಮೆಂಟಿನ ಇಂಗ್ಲಿಷ್ ವಾಕ್ಯಗಳನ್ನೇ ತಿರುಗಿಸಿ ಬರೆದ ಹಾಳೆಗಳಲ್ಲಿ ಇರುತ್ತದೆ, ಆ ಹಾಳೆಗಳ ಕೊನೆಯಲ್ಲಿ ಅವನ ಕನ್ನಡ ಸಹಿ. ಎದುರು ವಕೀಲರ ಮೊದಲ ಪ್ರಶ್ನೆಗಳಲ್ಲೊಂದು ‘ಈ ಅಫಿಡವಿಟ್‌ನಲ್ಲಿ ಏನು ಬರೆದಿದೆ ಗೊತ್ತೇ?’ ಎಂಬುದು. ‘ವಕೀಲರು ಬರೆಸಿದರು, ನಾನು ಸಹಿ ಮಾಡಿದೆ’ ಎಂದು ಪ್ರಾಮಾಣಿಕ ಮನುಷ್ಯ ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾನೆ. ಆಮೇಲೆ ಸೂಚನೆಗಳ ಸರಮಾಲೆ ಶುರುವಾಗುತ್ತದೆ. ಸಾಕ್ಷ್ಯದ ಹಾಳೆಯಲ್ಲಿ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಎರಡೇ ಅಚ್ಚುಗಳಲ್ಲಿ ಅವನ ಹತ್ತು ವರ್ಷದ ದುಡಿಮೆ ಇಳಿಯುತ್ತಾ ಹೋಗುತ್ತದೆ. ಅರ್ಥವಾಗದ ಸೂಚನೆಗೆ ತಲೆಯಾಡಿಸಿದ ಒಂದೇ ಒಂದು ‘ಸರಿ’ ಸಾಕು, ತೀರ್ಪಿನಲ್ಲಿ ಅದು ‘ಕಾರ್ಮಿಕನು ಸ್ವತಃ ಒಪ್ಪಿಕೊಂಡಿದ್ದಾನೆ’ ಎಂಬ ವಾಕ್ಯವಾಗುತ್ತದೆ.

ಸಿದ್ಧತೆಯ ಬೆಲೆ ಎಷ್ಟೆಂದು ತಿಳಿಯಲು ರಾಜ್ಯದ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಸರ್ಕಾರಿ ಇಲಾಖೆಯ ದಿನಗೂಲಿ ನೌಕರರದ್ದು. ಎರಡರಲ್ಲೂ ಪ್ರಶ್ನೆ ಒಂದೇ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ನೋಟಿಸು, ಪರಿಹಾರ ಕೊಡದೆ ತೆಗೆಯುವಂತಿಲ್ಲ ಎನ್ನುತ್ತಿತ್ತು 1947ರ ಕೈಗಾರಿಕಾ ವಿವಾದ ಕಾಯ್ದೆ. ಆ 240 ದಿನಗಳನ್ನು ಸಾಬೀತು ಮಾಡುವವರು ಯಾರು? ಅರಣ್ಯ ಇಲಾಖೆಯ ನೌಕರನ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಆ ಹೊಣೆ ಕಾರ್ಮಿಕನದೇ ಎಂದಿತು. ಅಫಿಡವಿಟ್ ಅವನ ಸ್ವಂತ ಹೇಳಿಕೆಯಷ್ಟೇ. ಕೂಲಿ ಪಡೆದ ರಸೀದಿ, ನೇಮಕದ ಆದೇಶ ಏನೂ ಇಲ್ಲ ಎಂದು ಅವನ ಪರವಾಗಿದ್ದ ಐತೀರ್ಪನ್ನು ತಳ್ಳಿಹಾಕಿತು. 2005ರಲ್ಲಿ ಬಂದ ಇನ್ನೊಂದು ತೀರ್ಪು, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ವಿರುದ್ಧದ್ದು, ಬೇರೆ ದಾರಿ ಹಿಡಿಯಿತು. ಹೊಣೆ ಕಾರ್ಮಿಕನದೇ ಎಂಬ ತತ್ವವನ್ನು ಬಿಡಲಿಲ್ಲ. ಆದರೆ ದಿನಗೂಲಿಯವರ ಕೈಯಲ್ಲಿ ನೇಮಕ ಪತ್ರವಾಗಲಿ ಸಂಬಳದ ಚೀಟಿಯಾಗಲಿ ಇರುವುದಿಲ್ಲ, ಕಟಕಟೆ ಹತ್ತಿ ನುಡಿದು ಮಸ್ಟರ್ ರೋಲು ತರಿಸಿ ಎಂದು ಕೇಳುವುದಷ್ಟೇ ಅವರಿಗೆ ಸಾಧ್ಯ ಎಂಬುದನ್ನು ಒಪ್ಪಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ನೌಕರನ ಬಳಿ ಅಧಿಕಾರಿಯೇ ಕೊಟ್ಟಿದ್ದ ಸೇವಾ ಪ್ರಮಾಣಪತ್ರ ಇತ್ತು. ಒಂದು ಹಾಳೆ! ಇಬ್ಬರ ಬೆವರಿನಲ್ಲಿ ವ್ಯತ್ಯಾಸವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ, ದಾಖಲೆಯಲ್ಲಿ ವ್ಯತ್ಯಾಸವಿತ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ದಾಖಲೆಯೆಲ್ಲ ಮಾಲೀಕನ ಕಪಾಟಿನಲ್ಲಿರುವಾಗ ಬಡವನಿಗೆ ‘ಕಾಗದ ತಂದುಕೊಡು’ ಎನ್ನುವುದು ಕ್ರೌರ್ಯವಲ್ಲವೇ? ಹೌದು. ಆದ್ದರಿಂದಲೇ ಕಾಯ್ದೆಯ 11(3)ನೇ ಕಲಂ ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೂ ಕೊಟ್ಟಿತು. ಆದರೆ ಏನನ್ನು ತರಿಸಬೇಕೆಂದು ಬಲ್ಲವನು ಕಾರ್ಮಿಕನೇ. ಹಾಜರಿ ಯಾವ ಪುಸ್ತಕದಲ್ಲಿ ಬೀಳುತ್ತಿತ್ತು, ಗೇಟಿನಲ್ಲಿ ಯಾರು ಸಹಿ ಹಾಕಿಸಿಕೊಳ್ಳುತ್ತಿದ್ದರು, ಗುತ್ತಿಗೆದಾರನ ಹೆಸರಿನಲ್ಲಿ ಕೂಲಿ ಬಟವಾಡೆಯಾದ ತಿಂಗಳುಗಳು ಯಾವುವು ಎಂಬುದು ವಕೀಲರಿಗೆ ಕುಳಿತು ಕೇಳದ ಹೊರತು ತಿಳಿಯುವುದಿಲ್ಲ. ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಬ್ಯಾಂಕಿನ ಪುಸ್ತಕ ಮನೆಯ ಟ್ರಂಕಿನಲ್ಲೇ ಇರುತ್ತವೆ. ಅವು ಸಾಕ್ಷ್ಯವಾಗಬಲ್ಲವು ಎಂದು ಯಾರೂ ಹೇಳದಿದ್ದರೆ ಅಲ್ಲೇ ಉಳಿಯುತ್ತವೆ.

ಸಾಕ್ಷಿಯನ್ನು ಸಿದ್ಧಪಡಿಸುವುದೆಂದರೆ ಪಾಠ ಹೇಳಿಕೊಟ್ಟಂತೆ, ಅದು ಸತ್ಯವನ್ನು ಕೆಡಿಸುತ್ತದೆ ಎನ್ನುವವರೂ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಗುರಿ ತಪ್ಪಿದೆ. ತನ್ನದೇ ಹೇಳಿಕೆಯನ್ನು ತನ್ನ ಭಾಷೆಯಲ್ಲಿ ಓದಿಸಿಕೊಂಡು ‘ಇದು ಹೀಗಲ್ಲ ಸರ್, ಆಗ ನಾನು ಇನ್ನೂ ರಾತ್ರಿ ಪಾಳಿಯಲ್ಲಿದ್ದೆ’ ಎಂದು ತಿದ್ದುವುದು ಪಾಠವಲ್ಲ. ಹೇಳದೇ ಇದ್ದ ಮಾತನ್ನು ಬಾಯಿಗೆ ತುರುಕುವುದು ಪಾಠ, ಮತ್ತು ಅದನ್ನು ಈಗ ಮಾಡುತ್ತಿರುವುದು ಅಚ್ಚುಕಟ್ಟಾದ ಆ ಇಂಗ್ಲಿಷ್ ಅಫಿಡವಿಟ್ಟೇ. ಪ್ರಕರಣ ನಾಳೆ ಹೈಕೋರ್ಟಿಗೆ ಹೋಗುತ್ತದೆ, ಇಂಗ್ಲಿಷ್ ಬೇಕೇ ಬೇಕು ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ: ಪಾಟೀಸವಾಲು ಕನ್ನಡದಲ್ಲಿ ದಾಖಲಾದಾಗ ಅದನ್ನು ಹೇಗಿದ್ದರೂ ಅನುವಾದಿಸಬೇಕಾಗುತ್ತದೆ, ಜೊತೆಗೆ ಅಫಿಡವಿಟ್ಟಿನದೂ ಆಗಲಿ.

ದುರ್ವರ್ತನೆಯ ಆರೋಪದ ಮೇಲೆ ವಜಾ ಆದವರಿಗೆ, ಅಂದರೆ ಬಸ್ ಕಂಡಕ್ಟರುಗಳಂಥವರಿಗೆ, ಹಾದಿ ಸ್ವಲ್ಪ ಬೇರೆ. ಅಲ್ಲಿ ಇಲಾಖಾ ವಿಚಾರಣೆ ನ್ಯಾಯವಾಗಿ ನಡೆಯಿತೇ ಎಂಬುದೇ ಸಾಮಾನ್ಯವಾಗಿ ಮೊದಲ ತಕರಾರು. 1971ರಲ್ಲಿ ಸೇರಿದ 11ಎ ಕಲಂ ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ತಗ್ಗಿಸುವ ಅಧಿಕಾರವನ್ನೂ ಕೊಟ್ಟಿತ್ತು. ಆ ಅಧಿಕಾರ ಚಲಿಸಬೇಕಾದರೆ ಸೇವೆಯ ಹಿಂದುಮುಂದು, ಆವತ್ತಿನ ಬಸ್ಸಿನ ದಟ್ಟಣೆ, ಮನೆಯ ಸ್ಥಿತಿ ಇವೆಲ್ಲ ದಾಖಲೆಯ ಮೇಲೆ ಬಂದಿರಬೇಕು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದಿದೆ. ಕಾರ್ಮಿಕ ನ್ಯಾಯಾಲಯದ ಬದಲು ನ್ಯಾಯಾಂಗ ಸದಸ್ಯರು, ಆಡಳಿತ ಸದಸ್ಯರು ಇರುವ ನ್ಯಾಯಾಧಿಕರಣ ಅದರ ಕಲ್ಪನೆ. ಪೀಠ ಬದಲಾದ ಮಾತ್ರಕ್ಕೆ ಅಫಿಡವಿಟ್ ಬರೆಯುವ ಕೈ ಬದಲಾಗುವುದಿಲ್ಲ. ಹಿಂಬಾಕಿ ವೇತನದ ವಿಷಯವನ್ನೇ ನೋಡಿ. ತಪ್ಪಾಗಿ ತೆಗೆದಿದ್ದರೆ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ, ತಾನು ಬೇರೆಡೆ ಸಂಪಾದನೆಯಲ್ಲಿಲ್ಲ ಎಂದು ಕಾರ್ಮಿಕ ಹೇಳಿದರೆ ಅದು ಸುಳ್ಳೆಂದು ತೋರಿಸುವುದು ಮಾಲೀಕನ ಹೊಣೆ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದಿನಿಂದ ‘ನಾನು ಎಲ್ಲಿಯೂ ಲಾಭದಾಯಕ ಉದ್ಯೋಗದಲ್ಲಿಲ್ಲ’ ಎಂಬ ಸಾಲು ಅಫಿಡವಿಟ್ಟುಗಳಿಗೆ ಖಾಯಂ ಆಗಿದೆ. ಪಾಟೀಸವಾಲಿನಲ್ಲಿ ‘ಜೀವನ ಹೇಗೆ ಸಾಗುತ್ತಿದೆ?’ ಎಂದಾಗ ‘ಸಂತೆ ದಿನ ಹಮಾಲಿ ಮಾಡ್ತೀನಿ, ಸುಗ್ಗಿಯಲ್ಲಿ ಕೂಲಿಗೆ ಹೋಗ್ತೀನಿ’ ಎನ್ನುತ್ತಾನೆ ಅವನು. ಹೊಟ್ಟೆಪಾಡಿನ ಕೂಲಿಯನ್ನು ಯಾವ ನ್ಯಾಯಾಧೀಶರೂ ಹಳೆಯ ನೌಕರಿಗೆ ಸಮ ಎನ್ನಬೇಕಾಗಿಲ್ಲ. ಆದರೆ ಆ ಕೂಲಿಯನ್ನು ಅಫಿಡವಿಟ್ ಮುಚ್ಚಿಟ್ಟಿತ್ತು ಎಂಬ ಕಾರಣಕ್ಕೆ ಅವನ ಉಳಿದ ಮಾತುಗಳೂ ಅನುಮಾನಕ್ಕೆ ಬೀಳುತ್ತವೆ. ಹಮಾಲಿಯ ಸಂಗತಿಯನ್ನು, ದಿನಕ್ಕೆ ಸಿಗುವ ಕೂಲಿಯ ಸಮೇತ, ಅವನು ಮೊದಲೇ ಹೇಳುತ್ತಿದ್ದ. ಅಫಿಡವಿಟ್ ಬರೆಯುವ ದಿನ ಅವನನ್ನು ಯಾರೂ ಕೇಳಿರಲಿಲ್ಲ.