ಮಸುಕಿಗೂ ದೂರದ ಲೆಕ್ಕ ಬೇಕು

ಫೋಟೊ ಎಡಿಟಿಂಗ್ ಆ್ಯಪ್‌ನ ಯೋಗ್ಯತೆ ತಿಳಿಯಬೇಕೆಂದರೆ ನವಲಗುಂದದ ಎರೆಹೊಲದಲ್ಲಿ ನಿಂತ ಎತ್ತಿನ ಚಿತ್ರ ತೆಗೆದು, ಹಿನ್ನೆಲೆಯನ್ನು ಮಸುಕು ಮಾಡಿ ನೋಡಿ. ಇಲ್ಲಿ ಮರಗಳು ವಿರಳ. ಎತ್ತಿನ ಗೊರಸಿನಿಂದ ಕಣ್ಣು ಹಾಯುವವರೆಗೂ ಕರಿಮಣ್ಣು ಒಂದೇ ಸಮ ಹಿಂದೆ ಸರಿಯುತ್ತ ಹೋಗುತ್ತದೆ. ಮಸುಕೂ ಗೊರಸಿನ ಬಳಿ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ದೂರ ಹೋದಂತೆ ಏರಬೇಕು. ಆದರೆ ಎಷ್ಟೋ ಆ್ಯಪ್‌ಗಳು ಎತ್ತನ್ನು ಅಂಚು ಹಿಡಿದು ಕತ್ತರಿಸಿ, ಮಿಕ್ಕಿದ್ದನ್ನೆಲ್ಲ ಒಂದೇ ಹದದಲ್ಲಿ ಕಲಸಿಬಿಡುತ್ತವೆ. ಕಾಲ ಕೆಳಗಿನ ನೆಲವೂ ಮಸುಕಾಗಿ ಎತ್ತು ತೇಲತೊಡಗುತ್ತದೆ. ಕೋಡುಗಳ ನಡುವೆ ಕಾಣುವ ದೂರದ ಜೋಳದ ಬೆಳೆ ಮಾತ್ರ ಸ್ಪಷ್ಟವಾಗಿಯೇ ಉಳಿದಿರುತ್ತದೆ!

ಮೊಬೈಲಿನ ಸೆನ್ಸರ್ ಚಿಕ್ಕದು, ಲೆನ್ಸಿನ ನಾಭಿದೂರ ಕೆಲವೇ ಮಿಲಿಮೀಟರ್. ಹೀಗಾಗಿ ಹತ್ತಿರದ್ದು, ದೂರದ್ದು ಎರಡೂ ಬಹುಪಾಲು ಸ್ಪಷ್ಟವಾಗಿಯೇ ಬೀಳುತ್ತವೆ. ಮಸುಕನ್ನು ಲೆಕ್ಕ ಹಾಕಿಯೇ ಹುಟ್ಟಿಸಬೇಕು. 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸದಿಂದ ದೂರ ಅಳೆಯಿತು. ಮರುವರ್ಷ ಗೂಗಲ್‌ನ ಪಿಕ್ಸೆಲ್ 2 ಹಿಂಬದಿಯ ಒಂದೇ ಕ್ಯಾಮೆರಾದಿಂದ ಆ ಕೆಲಸ ಮಾಡಿತು. ಫೋಟೊ ತೆಗೆದ ಮೇಲೂ ಮಸುಕನ್ನು ಏರಿಸಿ ಇಳಿಸುವ ಸ್ಲೈಡರ್ 2018ರಲ್ಲಿ ಐಫೋನ್‌ಗೆ ಬಂತು.

ನನ್ನ ಮೆಚ್ಚಿನ ಪರೀಕ್ಷಾ ಸ್ಥಳವೆಂದರೆ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಮಂಟಪದಲ್ಲಿ ಕಂಬಗಳು ಸಾಲಾಗಿ ಒಳಸರಿಯುತ್ತವೆ. ಮೂರನೆಯ ಕಂಬದ ಮೇಲೆ ಬೆರಳಿಟ್ಟು ಫೋಕಸ್ ಕೊಡಿ. ಹಿಂದಿನ ಕಂಬಗಳಷ್ಟೇ ಅಲ್ಲ, ಮುಂದಿನ ಎರಡೂ ಮಸುಕಾಗಬೇಕು. ಮುಂದಿನ ಕಂಬದ ಮಸುಕು ಮೂರನೆಯದರ ಮೇಲೆ ಹರಡಿದರೆ ಸರಿ, ನಿಜವಾದ ಲೆನ್ಸಿನಲ್ಲೂ ಹಾಗೇ ಆಗುತ್ತದೆ. ಹಿಂದಿನ ಬಣ್ಣ ಮುಂದಿನ ಚೂಪು ಅಂಚಿನ ಮೇಲೆ ಇಳಿದರೆ ತಪ್ಪು. ಇಷ್ಟು ಸೂಕ್ಷ್ಮ ಪಾಲಿಸುವ ಆ್ಯಪ್ ಸಿಕ್ಕರೆ ಬಿಡಬೇಡಿ.

ಕತ್ತಲ ಹಿನ್ನೆಲೆಯ ದೀಪವನ್ನೂ ಗಮನಿಸಿ. ಫೋಕಸ್ ತಪ್ಪಿದ ಬೆಳಕಿನ ಚುಕ್ಕೆ ಒಳ್ಳೆಯ ಲೆನ್ಸಿನಲ್ಲಿ ಅಂಚಿರುವ ಬಿಲ್ಲೆಯಾಗುತ್ತದೆ. ನಡುವಿನಿಂದ ಹೊರಕ್ಕೆ ಕರಗುತ್ತ ಹೋಗುವ ಗಾಸಿಯನ್ ಮಸುಕಿನಲ್ಲಿ ಅದು ಬರೀ ಮಂಜು. ಮಸುಕು ಮಾಡಲು ಅಕ್ಕಪಕ್ಕದ ಚುಕ್ಕೆಗಳ ಸರಾಸರಿಯನ್ನು ಪರದೆಗೆಂದು ಹೊಂದಿಸಿದ ಅಂಕಿಗಳ ಮೇಲೆಯೇ ತೆಗೆದರೆ ದೀಪ ಸಪ್ಪೆಯಾಗುತ್ತದೆ. ಅವನ್ನು ಮೊದಲು ಬೆಳಕಿನ ನಿಜ ಪ್ರಮಾಣಕ್ಕೆ ತಿರುಗಿಸಿ ಲೆಕ್ಕ ಮಾಡಿದಾಗ ಅದರ ಪ್ರಭೆ ಉಳಿಯುತ್ತದೆ.

ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳ ಚಿತ್ರಕ್ಕೆ ಮಾತ್ರ ಸ್ವಯಂಚಾಲಿತ ಮಸುಕನ್ನು ನಾನು ನಂಬುವುದಿಲ್ಲ. ನೆಟ್ಟಗೆ ನಿಂತ ಮಗ್ಗದ ಹಾಸಿನ ಎಳೆಗಳ ಸಂದಿನಿಂದ ನೇಕಾರಳ ಮುಖ ಕಾಣುತ್ತಿರುತ್ತದೆ. ಎಳೆ ಯಾವುದು, ಮುಖ ಯಾವುದು ಎಂದು ಬೇರ್ಪಡಿಸಲು ಯಂತ್ರ ತಡವರಿಸುತ್ತದೆ. ಅಂಥಲ್ಲಿ ಬೆರಳಿನಿಂದಲೇ ತಿದ್ದುವ ಬ್ರಷ್ ಬೇಕೇಬೇಕು.

ಫೋಕಸ್ ಎಲ್ಲಿ, ಮಸುಕು ಎಷ್ಟು, ಏರಿಕೆ ಎಷ್ಟು ನಿಧಾನ: ಈ ಮೂರು ಹಿಡಿತ ಮತ್ತು ಆ ಬ್ರಷ್ ಇದ್ದರೆ ಸಾಕು, ಹತ್ತಾರು ಫಿಲ್ಟರ್ ಬೇಡ. ಆ್ಯಪ್ ಕಟ್ಟುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ: ನಿಮ್ಮ ಯಂತ್ರ ಊಹಿಸಿದ ದೂರದ ನಕ್ಷೆಯನ್ನು ಬಳಸುವವರಿಗೂ ತೋರಿಸಿ, ತಿದ್ದಲು ಬಿಡಿ, ಮೂಲ ಚಿತ್ರವನ್ನು ಅಳಿಸಬೇಡಿ.