ಮೊರೆಯ ಪದ ಕೇಳುವ ಬಗೆ: ಭಜನೆಗೆ ಹೊಸದಾಗಿ ಬಂದವರಿಗೊಂದು ಕೈಪಿಡಿ

ದಾಸರ ಪದಗಳಲ್ಲಿ ಕೃಷ್ಣನ ಬಾಲಲೀಲೆಯವು ಬೇಗ ಮನಸ್ಸಿಗೆ ಹತ್ತುತ್ತವೆ. ಲೋಕದ ಡಂಭವನ್ನು ಜಾಡಿಸುವವು ಬೇಗ ನಾಲಗೆಗೆ ಹತ್ತುತ್ತವೆ. ಇವೆರಡಕ್ಕೂ ಸೇರದ ಇನ್ನೊಂದು ಗುಂಪಿದೆ. ಹಾಡುವವನು ತನ್ನ ದೋಷಗಳನ್ನೂ ತನಗೆ ಬಂದ ಕಷ್ಟಗಳನ್ನೂ ದೇವರ ಮುಂದೆ ಬಿಚ್ಚಿಟ್ಟು, ನಿನ್ನನ್ನೇ ನಂಬಿದ್ದೇನೆ, ಕೈಹಿಡಿ ಎಂದು ಕೇಳುವ ಪದಗಳು. ಇವನ್ನು ಇಲ್ಲಿ ಮೊರೆಯ ಪದಗಳೆಂದು ಕರೆಯುತ್ತೇನೆ. ಭಜನೆಗೆ ಹೊಸದಾಗಿ ಬಂದವರು ಹೆಚ್ಚಾಗಿ ತಾಳ ಹಾಕುತ್ತಲೇ ಇವನ್ನು ದಾಟಿಬಿಡುತ್ತಾರೆ. ದಾಸಸಾಹಿತ್ಯದ ತಿರುಳು ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ಬರಹ.

ಭಟ್ಕಳದ ಪಕ್ಕದ ಹೆಬಳೆಯಲ್ಲಿ ಕೂತು ಇವನ್ನು ಕೇಳುವುದಕ್ಕೆ ಒಂದು ಅನುಕೂಲವಿದೆ. ತೆಂಗಿನಗುಂಡಿಯ ಬಂದರು ಇಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡ ಸೇರಿರುತ್ತವೆ. ಹೊರಗೆ ಮಳೆ, ಒಳಗೆ ಹಾರ್ಮೋನಿಯಂ, ತಬಲಾ, ತಾಳ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಗಣಪತಿಯ ಸ್ತುತಿಯಿಂದ ಮೊದಲಾಗಿ ಮಂಗಳದಲ್ಲಿ ಮುಗಿಯುವ ಈ ಭಜನೆಯಲ್ಲಿ ಮೊರೆಯ ಪದ ಸಾಮಾನ್ಯವಾಗಿ ನಡುವೆಲ್ಲೋ ಬರುತ್ತದೆ, ಹಾಡುವವರ ಗಂಟಲು ಕಾದ ಮೇಲೆ.

ಮೊದಲು ಪದದ ಅಂಗಗಳನ್ನು ಗುರುತಿಸಲು ಕಲಿಯಬೇಕು. ಪಲ್ಲವಿ ಎಂದರೆ ಮೊರೆಯೇ. ಅನುಪಲ್ಲವಿ ಅದನ್ನು ಸ್ವಲ್ಪ ಬಿಡಿಸುತ್ತದೆ, ಕೆಲವು ಪದಗಳಲ್ಲಿ ಅದು ಇರುವುದೂ ಇಲ್ಲ. ಚರಣಗಳಲ್ಲಿ ವಿವರ ಬರುತ್ತದೆ: ಏನು ಕಷ್ಟ, ಏನು ತಪ್ಪು, ಯಾಕೆ ನಿನ್ನನ್ನೇ ಕೇಳುತ್ತಿದ್ದೇನೆ ಎಂಬುದು. ಪ್ರತಿ ಚರಣ ಮುಗಿದ ಮೇಲೆ ಹಾಡು ಪಲ್ಲವಿಗೆ ಮರಳುತ್ತದೆ. ಹೊಸ ಕೇಳುಗರು ಗಮನಿಸಬೇಕಾದ್ದು ಈ ಮರಳುವಿಕೆಯನ್ನು. ಮಾತು ಅದೇ, ಆದರೆ ತೂಕ ಬೇರೆ. ಮೊದಲ ಸಲ ಪಲ್ಲವಿ ಕೇಳಿದಾಗ ಅದೊಂದು ಬಿನ್ನಹ. ಎರಡು ಚರಣಗಳಲ್ಲಿ ತಪ್ಪೊಪ್ಪಿಗೆ ಆದ ಮೇಲೆ ಅದೇ ಸಾಲು ಬೇರೆ ಗತಿಯಿಲ್ಲದವನ ಮಾತಾಗುತ್ತದೆ. ಕೊನೆಯ ಸಲ ಬಂದಾಗ ಅದರಲ್ಲಿ ನೆಮ್ಮದಿ ಇರುತ್ತದೆ. ಕಷ್ಟ ಪರಿಹಾರವಾಯಿತು ಎಂದು ಪದ ಎಲ್ಲಿಯೂ ಹೇಳಿರುವುದಿಲ್ಲ. ಹಾಗಿದ್ದೂ ಹೇಳುವವನ ದನಿ ಬದಲಾಗಿರುತ್ತದೆ. ಒಳ್ಳೆಯ ಮೊರೆಯ ಪದಕ್ಕೂ ಸಾಧಾರಣ ಪದಕ್ಕೂ ನಾನು ಕಂಡ ವ್ಯತ್ಯಾಸ ಇದೇ.

ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ. ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು, ರಂಗವಿಠಲ ಎಂದರೆ ಶ್ರೀಪಾದರಾಜರು, ವಿಜಯವಿಠಲ ಎಂದರೆ ವಿಜಯದಾಸರು. ಹಯವದನ ಎಂದು ಕೇಳಿದರೆ ಅದು ವಾದಿರಾಜರದು. ಅವರ ವೃಂದಾವನ ಇರುವುದು ನಮ್ಮ ಜಿಲ್ಲೆಯಲ್ಲೇ, ಘಟ್ಟ ಹತ್ತಿದರೆ ಶಿರಸಿ ತಾಲೂಕಿನ ಸೋದೆಯಲ್ಲಿ. ಅಂಕಿತದಿಂದ ಕವಿ ಯಾರೆಂದು ತಿಳಿಯುತ್ತದೆ, ನಿಜ. ಆದರೆ ಅದು ಕವಿಯ ಸ್ವಂತ ಹೆಸರಲ್ಲ, ದೇವರದು. ಹಾಡಿನ ಉದ್ದಕ್ಕೂ ನಾನು ಕೆಟ್ಟೆ, ನಾನು ಮರೆತೆ, ನಾನು ಮೋಸಹೋದೆ ಎಂದವನು ತನ್ನ ಗುರುತು ಒತ್ತಬೇಕಾದ ಜಾಗದಲ್ಲಿ ದೇವರ ಹೆಸರನ್ನು ಇಡುತ್ತಾನೆ. ನಂಬಿಕೆ ಎಂಬ ಮಾತೇ ಇಲ್ಲದ ಪದದಲ್ಲೂ ಆ ಜಾಗದಲ್ಲಿ ನಂಬಿಕೆ ಕಾಣುತ್ತದೆ. ಆದ್ದರಿಂದ ಅಂಕಿತದ ಸಾಲು ಬರುವಾಗ ಪಕ್ಕದವರ ಹತ್ತಿರ ಮಾತಾಡಬೇಡಿ.

ಈ ಪದಗಳ "ನಾನು" ಯಾರು? ಪುರಂದರದಾಸರು (1484–1564) ತಮ್ಮ ಮೇಲೆ ಹೊರಿಸಿಕೊಂಡ ತಪ್ಪುಗಳನ್ನೆಲ್ಲ ಒಟ್ಟು ಸೇರಿಸಿದರೆ ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಮಾಡಲಾರದಷ್ಟು ಆಗುತ್ತದೆ. ಅದನ್ನು ಆತ್ಮಚರಿತ್ರೆ ಎಂದು ಓದಬಾರದು, ತೋರಿಕೆಯ ವಿನಯ ಎಂದು ತಳ್ಳಲೂಬಾರದು. ಆ "ನಾನು" ಎದುರಿಗೆ ಕೂತವರಿಗಾಗಿ ತೆರೆದಿಟ್ಟ ಜಾಗ. ಪರಚಿಂತೆ, ಹೊಟ್ಟೆಕಿಚ್ಚು, ಹಣದಾಸೆ, ದೇವರ ಮುಂದೆ ಕೂತಾಗಲೂ ಎಲ್ಲೆಲ್ಲೋ ಅಲೆಯುವ ಮನಸ್ಸು, ಹೀಗೆ ಚರಣದಲ್ಲಿ ಒಂದೊಂದಾಗಿ ಬರುತ್ತಿದ್ದಂತೆ ಯಾವುದೋ ಒಂದು ನಮ್ಮದಾಗಿರುತ್ತದೆ. ಭಜನೆಯಲ್ಲಿ ಸಾಲನ್ನು ತಿರುಗಿ ಹೇಳುವ ಪದ್ಧತಿಯ ಬೆಲೆ ಆಗ ಗೊತ್ತಾಗುತ್ತದೆ. ನಾಲ್ಕು ಜನರ ಎದುರು ಹೇಳಿಕೊಳ್ಳಲಾಗದ ತಪ್ಪನ್ನು ನಾಲ್ಕು ಜನರ ಜೊತೆ ಸೇರಿ ಗಟ್ಟಿಯಾಗಿ ಹೇಳಲು ಸಾಧ್ಯವಾಗುತ್ತದೆ.

ಇನ್ನು ಸಾಕ್ಷಿಗಳ ವಿಷಯ. ಚರಣಗಳಲ್ಲಿ ಗಜೇಂದ್ರ, ಅಜಾಮಿಳ, ದ್ರೌಪದಿ, ಪ್ರಹ್ಲಾದ, ಅಹಲ್ಯೆ, ವಿಭೀಷಣ ಇವರ ಹೆಸರು ಮತ್ತೆ ಮತ್ತೆ ಬರುತ್ತವೆ. ಕಥೆ ಗೊತ್ತಿಲ್ಲದವರಿಗೆ ಇದು ಬರೀ ಹೆಸರುಗಳ ಪಟ್ಟಿಯಂತೆ ಕೇಳಿಸುತ್ತದೆ. ಕೋರ್ಟಿನಲ್ಲಿ ವಕೀಲರು ಹಳೆಯ ತೀರ್ಪುಗಳನ್ನು ಎತ್ತಿ ತೋರಿಸುವ ಹಾಗೆ ದಾಸರು ದೇವರಿಗೆ ಅವನದೇ ಹಿಂದಿನ ನಡೆಯನ್ನು ತೋರಿಸುತ್ತಿರುತ್ತಾರೆ. ಅವರಿಗೆ ಒಲಿದೆಯಲ್ಲ, ನನಗೇಕೆ ಇಲ್ಲ ಎಂದು. ಇವರಲ್ಲಿ ಇಬ್ಬರನ್ನಾದರೂ ಚೆನ್ನಾಗಿ ತಿಳಿದುಕೊಂಡು ಹೋಗಿ. ಗಜೇಂದ್ರನ ಕಥೆ ಭಾಗವತದ ಎಂಟನೆಯ ಸ್ಕಂಧದ್ದು. ಸರೋವರಕ್ಕಿಳಿದ ಆನೆಯ ಕಾಲನ್ನು ಮೊಸಳೆ ಹಿಡಿಯಿತು. ಬಹುಕಾಲ ತನ್ನ ಬಲವನ್ನೇ ನಂಬಿ ಎಳೆದಾಡಿ, ಬಲ ಮುಗಿದ ಮೇಲೆ ಒಂದು ತಾವರೆಯನ್ನು ಎತ್ತಿ ಹಿಡಿದು ಅದು ಹರಿಯನ್ನು ಕರೆಯಿತು. ಅಜಾಮಿಳನ ಕಥೆ ಆರನೆಯ ಸ್ಕಂಧದ್ದು. ದಾರಿ ತಪ್ಪಿ ಬಾಳಿದ ಬ್ರಾಹ್ಮಣ ಅವನು. ಸಾಯುವ ಗಳಿಗೆಯಲ್ಲಿ ಭಯದಿಂದ ಮಗನನ್ನು ಕೂಗಿದ. ಮಗನ ಹೆಸರು ನಾರಾಯಣ. ಆ ಹೆಸರೇ ಅವನನ್ನು ಯಮದೂತರಿಂದ ಬಿಡಿಸಿತು.

ಗಜೇಂದ್ರನನ್ನು ಹಿಡಿದದ್ದು ಹೊರಗಿನ ಮೊಸಳೆ, ಅಜಾಮಿಳನನ್ನು ಹಿಡಿದದ್ದು ಅವನ ಒಳಗಿನದು. ಪದ ಕೇಳುವಾಗ ಯಾವ ಸಾಕ್ಷಿ ಬಂದ ಎಂದು ನೋಡಿದರೆ ದಾಸರು ಬಿನ್ನವಿಸುತ್ತಿರುವುದು ಕಷ್ಟವನ್ನೋ ದೋಷವನ್ನೋ ಎಂದು ತಿಳಿಯುತ್ತದೆ. ಬಹಳ ಪದಗಳಲ್ಲಿ ಇಬ್ಬರೂ ಒಟ್ಟಿಗೇ ಬರುತ್ತಾರೆ. ನಾವು ಕಷ್ಟ ಬಂದಾಗ ದೇವರ ಹತ್ತಿರ ಓಡುತ್ತೇವೆ. ತಪ್ಪು ಮಾಡಿದಾಗ ಮಾತ್ರ ನಾಚಿಕೆಯಿಂದ ದೂರ ನಿಲ್ಲುತ್ತೇವೆ, ಸರಿಯಾದ ಮೇಲೆ ಹೋದರಾಯಿತು ಎಂದುಕೊಳ್ಳುತ್ತೇವೆ. ದಾಸರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ತಿದ್ದಿಕೊಂಡು ಬರುತ್ತೇನೆ ಎನ್ನುವುದಿಲ್ಲ, ತಿದ್ದುವವನೂ ನೀನೇ ಎನ್ನುತ್ತಾರೆ. ಹರಿಯೊಬ್ಬನೇ ಸ್ವತಂತ್ರ, ಜೀವ ಅವನ ಅಧೀನ ಎಂಬ ಮಧ್ವಮತದ ಸಿದ್ಧಾಂತ ಇದರ ಹಿಂದಿದೆ. ಆ ಸಿದ್ಧಾಂತ ಗೊತ್ತಿಲ್ಲದವರಿಗೂ ಪದ ತಟ್ಟುತ್ತದೆ, ಏಕೆಂದರೆ ಎಷ್ಟು ಪ್ರಯತ್ನಿಸಿದರೂ ಬಿಡದ ಚಟ, ಅಡಗದ ಸಿಟ್ಟು ಎಲ್ಲರ ಮನೆಯಲ್ಲೂ ಇದೆ.

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ದೇವರನ್ನು ಅಂಬಿಗನೆಂದು ಕರೆದು, ಅವನನ್ನು ನಂಬಿದ್ದೇನೆ ಎಂದು ಪುರಂದರದಾಸರು ಹಾಡಿದ ಪದ ಕರಾವಳಿಯ ಭಜನೆಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರ ಹರಿಗೋಲು ತುಂಬಿದೆ, ಅದಕ್ಕೆ ಒಂಬತ್ತು ತೂತುಗಳಿವೆ. ಹರಿಗೋಲೆಂದರೆ ಈ ದೇಹ, ತೂತುಗಳೆಂದರೆ ಅದರ ನವದ್ವಾರಗಳು. ಎದುರಿನಿಂದ ಬರುವ ತೆರೆಗಳು ಆರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಅವನ್ನು ಲೆಕ್ಕಹಾಕಿಕೊಳ್ಳಬಹುದು. ಹೊಳೆಯ ಸೆಳವೂ ಜೋರಾಗಿದೆ. ಸಾಲುಸಾಲಿನ ಕೊನೆಯಲ್ಲೂ ಅಂಬಿಗನನ್ನೇ ಕರೆಯುವುದು ಈ ಪದದ ವಿಶೇಷ. ಅದು ಬರೀ ಪ್ರಾಸಕ್ಕಾಗಿ ಇಟ್ಟದ್ದಲ್ಲ. ದೋಣಿ ಹೊಯ್ದಾಡುವಾಗ ಕೂತವನು ಮಾತಿಗೊಮ್ಮೆ ಹುಟ್ಟು ಹಿಡಿದವನ ಹೆಸರನ್ನು ಕೂಗುತ್ತಾನೆ, ಅವನು ಅಲ್ಲೇ ಇದ್ದಾನೆ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಪದವನ್ನು ಆ ದನಿಯಲ್ಲಿ ಕೇಳಬೇಕು.

ಪುರಂದರದಾಸರು ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿ ಬಾಳಿದವರು. ಅಲ್ಲಿಯ ಹರಿಗೋಲು ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ಅದಕ್ಕೆ ಮೂತಿಯೂ ಇಲ್ಲ, ಹಿಂಬದಿಯೂ ಇಲ್ಲ. ಸೆಳವಿಗೆ ಸಿಕ್ಕರೆ ಗಿರಗಿರ ತಿರುಗುತ್ತದೆ. ಕೂತವನಿಗೆ ತಾನು ಯಾವ ದಿಕ್ಕಿಗೆ ಹೋಗುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ, ಅಂಬಿಗನಿಗೆ ಮಾತ್ರ ತಿಳಿದಿರುತ್ತದೆ. ನಮ್ಮ ಕಡೆಯ ದೋಣಿಯನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಈ ಅರ್ಥ ತಪ್ಪಿಹೋಗುತ್ತದೆ, ಅದಕ್ಕೆ ಹೇಳಿದೆ. ಹಾಗೆಂದು ಹೆಬಳೆಯ ಕೇಳುಗರಿಗೆ ನಷ್ಟವೇನಿಲ್ಲ, ಇಲ್ಲಿ ಇನ್ನೊಂದು ಅರ್ಥ ದಕ್ಕುತ್ತದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಏಳುವ ಹೊತ್ತಿಗೆ ದೋಣಿ ದಾಟಿಸುವುದು ಎಂದರೇನು ಎಂದು ಇಲ್ಲಿಯ ಮೊಗೇರರಿಗೆ, ಖಾರ್ವಿಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ತಾಂಡೇಲನ ಮಾತಿಗೆ ಎದುರಾಡುವುದಿಲ್ಲ. ಅವನನ್ನು ನಂಬಿದವರು ಸುಮ್ಮನೆ ಕೂತಿರುವುದೂ ಇಲ್ಲ. ಒಬ್ಬರು ನೀರು ಮೊಗೆದು ಚೆಲ್ಲುತ್ತಾರೆ, ಒಬ್ಬರು ಹಗ್ಗ ಹಿಡಿಯುತ್ತಾರೆ. ದೇವರ ಮೇಲೆ ಭಾರ ಹಾಕುವುದು ಸೋಮಾರಿತನವಲ್ಲವೇ ಎಂದು ಈ ಪದಗಳ ಬಗ್ಗೆ ಕೇಳುವವರಿಗೆ ಇದೇ ಉತ್ತರ. ವ್ಯಾಪಾರಿ ಶ್ರೀನಿವಾಸ ನಾಯಕ ಸಂಪತ್ತನ್ನೆಲ್ಲ ಬಿಟ್ಟು ಪುರಂದರದಾಸನಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂತಿರಲಿಲ್ಲ. ತಂಬೂರಿ ಹಿಡಿದು ಬೀದಿ ಬೀದಿ ತಿರುಗಿದರು.

ಮೊರೆಯೆಲ್ಲ ಅಳುದನಿಯಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ದೇವರನ್ನು ಬೈಯುವ ಪದಗಳೂ ಇವೆ, ನಿಂದಾಸ್ತುತಿ ಎನ್ನುತ್ತಾರೆ. ನಿನಗೆ ಕಣ್ಣಿಲ್ಲವೇ, ಕೊಟ್ಟ ಮಾತು ಮರೆತೆಯಾ ಎಂಬ ಧಾಟಿ. ಹೊಸಬರು ಇಲ್ಲಿ ಬೆಚ್ಚುತ್ತಾರೆ. ಬೈಯುವಷ್ಟು ಸಲಿಗೆ ನಂಬಿದವನಿಗೆ ಮಾತ್ರ ಇರುತ್ತದೆ. ತನ್ನ ಮನಸ್ಸಿಗೇ ಧೈರ್ಯ ಹೇಳಿಕೊಳ್ಳುವ ಪದಗಳೂ ಇವೆ. ಬೆಟ್ಟದ ತುದಿಯ ಗಿಡಕ್ಕೆ ನೀರೆರೆದವನು, ಕಲ್ಲೊಳಗಿನ ಕಪ್ಪೆಗೆ ಆಹಾರ ಕೊಟ್ಟವನು ನಿನ್ನನ್ನು ಬಿಡುತ್ತಾನೆಯೇ ಎಂಬ ವಿಚಾರವನ್ನು ಕನಕದಾಸರು ಕಟ್ಟಿದ ಬಗೆ ಕನ್ನಡಿಗರಿಗೆಲ್ಲ ಗೊತ್ತು. ಓದುವ ಅಭ್ಯಾಸ ಇದ್ದವರು ಅವರ ಹರಿಭಕ್ತಿಸಾರದಿಂದ ಶುರುಮಾಡುವುದು ಒಳ್ಳೆಯದು. ಭಾಮಿನಿ ಷಟ್ಪದಿಯ ನೂರಕ್ಕೂ ಹೆಚ್ಚು ಪದ್ಯಗಳು, ಪದ್ಯಪದ್ಯದ ಕೊನೆಗೂ ಕಾಪಾಡು ಎಂಬ ಒಂದೇ ಬೇಡಿಕೆ. ಬಸವಣ್ಣನವರ ವಚನಗಳಲ್ಲಿ ತನ್ನ ಮನಸ್ಸಿನ ಚಂಚಲತೆಯನ್ನು ಕೂಡಲಸಂಗಮನಿಗೆ ಒಪ್ಪಿಸುವುದನ್ನು ಓದಿದವರಿಗೆ, ಬೈಬಲಿನಲ್ಲಿ ದಾವೀದನ ಹೆಸರಿನ ಕೀರ್ತನೆಗಳು ದೂರಿನಿಂದ ತೊಡಗಿ ನಂಬಿಕೆಯಲ್ಲಿ ನಿಲ್ಲುವುದನ್ನು ಬಲ್ಲವರಿಗೆ ಈ ದಾರಿ ಹೊಸದೆನಿಸದು.

ಜಗನ್ನಾಥದಾಸರ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿದರು. ಆಮೇಲೆ ತಾಳಲಾರದ ಹೊಟ್ಟೆನೋವು ಅವರಿಗೆ ಗಂಟುಬಿತ್ತು. ಅಹಂಕಾರ ಬಿಟ್ಟು ಶರಣಾದಾಗ ವಿಜಯದಾಸರು ಅವರನ್ನು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಅವರಿಗೆ ದಾನ ಮಾಡಿದರು ಎಂದು ದಾಸಪರಂಪರೆ ನಂಬುತ್ತದೆ. ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ಹರಿಕಥಾಮೃತಸಾರ ಬರೆದರು. ದೋಷ ಯಾವುದು, ಕಷ್ಟ ಯಾವುದು ಎಂದು ಬೇರೆ ಮಾಡಲಾಗದ ಕಥೆ ಇದು. ದೇವರ ಸಹಾಯ ಇನ್ನೊಬ್ಬ ಮನುಷ್ಯನ ಕೈಯಿಂದ ಬಂತು ಎಂಬುದನ್ನೂ ಗಮನಿಸಬೇಕು.

ರಾಗದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ದಾಸರು ಹಾಡಿದ ಮೂಲ ಧಾಟಿಗಳು ಬಹುಮಟ್ಟಿಗೆ ಉಳಿದಿಲ್ಲ. ಒಂದೇ ಪದವನ್ನು ಎಂ.ಎಲ್. ವಸಂತಕುಮಾರಿ ಕರ್ನಾಟಕ ಪದ್ಧತಿಯಲ್ಲಿ, ಭೀಮಸೇನ ಜೋಶಿ ದಾಸವಾಣಿಯಾಗಿ ಹಿಂದೂಸ್ತಾನಿಯಲ್ಲಿ, ವಿದ್ಯಾಭೂಷಣರು ತಮ್ಮದೇ ಸರಳ ಬಗೆಯಲ್ಲಿ ಹಾಡಿರಬಹುದು. ಎರಡು ಮೂರು ಕಂಠದಲ್ಲಿ ಕೇಳಿ. ಮಾತು ಸ್ಪಷ್ಟವಾಗಿ ಕೇಳಿಸುವುದನ್ನು ಇಟ್ಟುಕೊಳ್ಳಿ. ಮೊರೆಯ ಪದಕ್ಕೆ ವಿಳಂಬ ಒಗ್ಗುತ್ತದೆ. ಧ್ವನಿವರ್ಧಕದ ಅಬ್ಬರದಲ್ಲಿ ದ್ರುತಕ್ಕೆ ಏರಿಸಿ ಹಾಡಿದರೆ ಬೇಡುವವನ ಮಾತು ಮೆರವಣಿಗೆಯ ಘೋಷಣೆಯಾಗುತ್ತದೆ.

ಅದಕ್ಕಿಂತ ನೋವಿನ ಸಂಗತಿ ಇನ್ನೊಂದು. ಹೊತ್ತಿಲ್ಲವೆಂದು ಈಗ ಮೊದಲ ಚರಣ ಹಾಡಿ ನೇರವಾಗಿ ಅಂಕಿತದ ಚರಣಕ್ಕೆ ಹಾರುತ್ತಾರೆ. ಬಿಟ್ಟುಹೋಗುವುದು ನಡುವಿನವು. ತಪ್ಪೊಪ್ಪಿಗೆ ಇರುವುದು ಅಲ್ಲೇ, ಗಜೇಂದ್ರ ಅಜಾಮಿಳರು ಬರುವುದೂ ಅಲ್ಲೇ. ಅವಿಲ್ಲದೆ ಹಾಡಿದ ಮೊರೆಗೆ ಕಾರಣವೇ ಇರುವುದಿಲ್ಲ. ಭಜನೆ ಎತ್ತಿಕೊಡುವ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ: ಹತ್ತು ಪದಗಳ ಜಾಗದಲ್ಲಿ ಆರು ಪದ ಹಾಡಿ, ಆದರೆ ಎಲ್ಲ ಚರಣ ಹಾಡಿ. ಹೊಸದಾಗಿ ಬರುವವರು ಮುಂದಿನ ಸಲ ಭಜನೆಗೆ ಮಂಗಳದ ಹೊತ್ತಿಗೆ ಬಾರದೆ ಗಣಪತಿಯ ಸ್ತುತಿಗೇ ಬಂದು, ಹಾಡುವವರ ಹತ್ತಿರ ಚಾಪೆಯ ಮೇಲೆ ಕೂತುಕೊಳ್ಳಿ. ಪದ ಬಾರದಿದ್ದರೆ ಪಲ್ಲವಿಯನ್ನಾದರೂ ಎಲ್ಲರ ಜೊತೆ ತಿರುಗಿ ಹೇಳಿ.